ನೋರಾ ಮನೆ ಬಿಡುವುದು ಯಾವ ಅಂಕದಲ್ಲಿ?

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ನಮ್ಮೂರಿನ ಹವ್ಯಾಸಿ ನಾಟಕ ತಂಡದಲ್ಲಿ ಎಂಟು ವರ್ಷದಿಂದ ಇದ್ದೇನೆ. ಈ ಸಲ ನಾರ್ವೆಯ ನಾಟಕಕಾರ ಇಬ್ಸೆನ್‌ನ ‘ಗೊಂಬೆ ಮನೆ’ ಆಡುತ್ತಿದ್ದೇವೆ, ನನಗೆ ನೋರಾ ಪಾತ್ರ. ತಕರಾರು ಎದ್ದಿರುವುದು ಕೊನೆಯ ದೃಶ್ಯಕ್ಕೆ. ‘ಗಂಡನನ್ನೂ ಮೂರು ಮಕ್ಕಳನ್ನೂ ಬಿಟ್ಟು ಹೋಗುವುದನ್ನು ನಮ್ಮ ಜನ ಒಪ್ಪಲ್ಲ. ಮಕ್ಕಳಿಗಾಗಿ ಉಳಿದಳು ಅಂತ ಮುಗಿಸೋಣ. ಇಬ್ಸೆನ್ನೇ ಹಾಗೊಂದು ಅಂತ್ಯ ಬರೆದಿದ್ದಾನೆ’ ಎನ್ನುತ್ತಾರೆ ತಂಡದ ಹಿರಿಯರು. ನಿರ್ದೇಶಕರಿಗೆ ಮೂಲದಂತೆಯೇ ಆಡಿಸುವ ಆಸೆ, ಆದರೆ ಬಾಯಿ ಬಿಟ್ಟು ಹೇಳುತ್ತಿಲ್ಲ. ನನ್ನ ಕಷ್ಟ ಬೇರೆ. ಮೊದಲ ಅಂಕದಲ್ಲಿ ಕುಣಿದಾಡಿಕೊಂಡು ಇರುವವಳು ಮೂರನೇ ಅಂಕದಲ್ಲಿ ಲಾಯರ್ ಹಾಗೆ ಮಾತಾಡುತ್ತಾಳೆ, ನನಗೇ ನಂಬಿಕೆ ಬರುವುದಿಲ್ಲ. ಆರು ವರ್ಷದ ಮಗಳಿದ್ದಾಳೆ ನನಗೆ. ಮಕ್ಕಳ ಮುಖ ನೋಡದೆ ಹೊರಡುವ ಮಾತು ತಾಲೀಮಿನಲ್ಲಿ ಗಂಟಲಲ್ಲೇ ಉಳಿಯುತ್ತದೆ. ಅತ್ತೆಯವರು ಮೊದಲ ಸಾಲಿನಲ್ಲಿ ಕೂತಿರುತ್ತಾರೆ ಅನ್ನುವುದೂ ತಲೆಯಲ್ಲಿದೆ. ಏನು ಮಾಡಲಿ?

ಉತ್ತರ: ನಾಟಕ ಓದದವರಿಗಾಗಿ ಮೊದಲು ಕಥೆ, ನಾಲ್ಕು ಸಾಲಿನಲ್ಲಿ. ಗಂಡ ಹೆಲ್ಮರ್ ಕಾಯಿಲೆ ಬಿದ್ದು ಜೀವಕ್ಕೇ ಸಂಚಕಾರ ಬಂದಾಗ, ಹವೆ ಬದಲಾವಣೆಗೆ ಇಟಲಿಗೆ ಕರೆದೊಯ್ಯಲು ನೋರಾ ಅವನಿಗೆ ತಿಳಿಯದಂತೆ ಸಾಲ ಮಾಡಿರುತ್ತಾಳೆ. ಪತ್ರಕ್ಕೆ ಅಪ್ಪನ ಸಹಿಯನ್ನು ತಾನೇ ಹಾಕಿರುತ್ತಾಳೆ. ವರ್ಷಗಳ ಮೇಲೆ ಸಾಲ ಕೊಟ್ಟ ಕ್ರೋಗ್‌ಸ್ಟಾಡ್ ಅದನ್ನೇ ಹಿಡಿದು ಹೆದರಿಸುತ್ತಾನೆ. ಗುಟ್ಟು ರಟ್ಟಾದಾಗ ಗಂಡ ಅವಳನ್ನು ಬಾಯಿಗೆ ಬಂದಂತೆ ಜರೆಯುತ್ತಾನೆ, ಅಪಾಯ ತಪ್ಪಿದ ಮರುಕ್ಷಣ ಕ್ಷಮಿಸುತ್ತಾನೆ. ಅವಳು ಮನೆ ಬಿಡುತ್ತಾಳೆ.

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಮೂರ್ನಾಲ್ಕು ಇದ್ದರೂ ಕಾಡುತ್ತಿರುವುದು ಒಂದೇ ಅನ್ನಿಸಿತು. ತಾಯಿಯಾದವಳು ಹೀಗೆ ಹೋಗುತ್ತಾಳೆಯೇ? ಅದಕ್ಕೆ ಬರುತ್ತೇನೆ. ಮೊದಲು ಹಿರಿಯರ ಮಾತು ಮುಗಿಸೋಣ, ಏಕೆಂದರೆ ಅದು ಸುಳ್ಳಲ್ಲ, ಅರ್ಧ ನಿಜ.

ನಾಟಕ ಅಚ್ಚಾಗಿ ಬಂದದ್ದು 1879ರ ಡಿಸೆಂಬರ್ 4ರಂದು, ಕೋಪನ್‌ಹೇಗನ್‌ನಲ್ಲಿ. 8,000 ಪ್ರತಿಗಳ ಮೊದಲ ಮುದ್ರಣ ತಿಂಗಳೊಳಗೆ ಖಾಲಿ. ಅದೇ ತಿಂಗಳ 21ಕ್ಕೆ ಅಲ್ಲಿನ ರಾಯಲ್ ಥಿಯೇಟರ್‌ನಲ್ಲಿ ಮೊದಲ ಪ್ರದರ್ಶನ. ಮರುವರ್ಷವೇ ಜರ್ಮನಿಯಲ್ಲಿ ಆಡಲು ಹೊರಟಾಗ ನೋರಾ ಆಗಬೇಕಿದ್ದ ಹೆಸರಾಂತ ನಟಿ ಹೆಡ್ವಿಗ್ ನೀಮನ್-ರಾಬೆ ಹಟ ಹಿಡಿದರು: ನಾನಾದರೆ ನನ್ನ ಮಕ್ಕಳನ್ನು ಬಿಟ್ಟು ಹೋಗುತ್ತಿರಲಿಲ್ಲ, ಈ ದೃಶ್ಯ ಆಡಲಾರೆ ಅಂತ. ನಿಮ್ಮ ಗಂಟಲಿನ ಕಷ್ಟಕ್ಕೆ ಸುಮಾರು ನೂರೈವತ್ತು ವರ್ಷದ ಇತಿಹಾಸವಿದೆ ನೋಡಿ! ಆಗ ಡೆನ್ಮಾರ್ಕ್ ಮತ್ತು ನಾರ್ವೆಯ ಲೇಖಕರಿಗೆ ಜರ್ಮನಿಯಲ್ಲಿ ಕೃತಿಸ್ವಾಮ್ಯದ ರಕ್ಷಣೆ ಇರಲಿಲ್ಲ. ಯಾರು ಬೇಕಾದರೂ ಅನುವಾದಿಸಿ, ಕತ್ತರಿಸಿ, ಹೊಲಿದು ಆಡಬಹುದಿತ್ತು. ಯಾರೋ ಕೆಡಿಸುವುದಕ್ಕಿಂತ ನಾನೇ ಕೆಡಿಸುವುದು ವಾಸಿ ಅಂದುಕೊಂಡು ಇಬ್ಸೆನ್ ಕೆಲವೇ ಸಾಲಿನ ಬದಲಿ ಅಂತ್ಯ ಬರೆದುಕೊಟ್ಟ. ಅದರಲ್ಲಿ ಹೆಲ್ಮರ್ ಅವಳನ್ನು ಮಕ್ಕಳು ಮಲಗಿರುವ ಕೋಣೆಯ ಬಾಗಿಲಿಗೆ ಎಳೆದು ತರುತ್ತಾನೆ. ನಾಳೆ ಎದ್ದು ಅಮ್ಮಾ ಅಂತ ಕರೆದರೆ ಇವು ತಬ್ಬಲಿಗಳು, ಒಂದು ಕಾಲಕ್ಕೆ ನೀನಿದ್ದ ಹಾಗೆ, ಅನ್ನುತ್ತಾನೆ. ಅವಳ ಕೈಯ ಚೀಲ ಜಾರುತ್ತದೆ. ಇದು ನನಗೆ ನಾನೇ ಮಾಡಿಕೊಳ್ಳುವ ದ್ರೋಹ, ಆದರೂ ಇವರನ್ನು ಬಿಡಲಾರೆ ಎಂದು ಕುಸಿಯುತ್ತಾಳೆ. ಪರದೆ.

ಇಷ್ಟು ನಿಜ. ಹಿರಿಯರು ಬಿಟ್ಟಿರುವ ಇನ್ನರ್ಧ ಇದು: 1880ರ ಫೆಬ್ರವರಿಯಲ್ಲೇ ಇಬ್ಸೆನ್ ಒಂದು ಡ್ಯಾನಿಷ್ ಪತ್ರಿಕೆಗೆ ಕಾಗದ ಬರೆದು, ಈ ಬದಲಾವಣೆ ನಾಟಕದ ಮೇಲೆ ನಡೆದ ಬರ್ಬರ ಹಲ್ಲೆ ಎಂದ. ಅದನ್ನು ಬಳಸುವವರು ನನ್ನ ಇಚ್ಛೆಗೆ ವಿರುದ್ಧವಾಗಿ ಬಳಸುತ್ತಾರೆ ಎಂದೂ ಹೇಳಿದ. ಆ ವರ್ಷದ ಮಾರ್ಚ್‌ನಲ್ಲೇ ಮ್ಯೂನಿಕ್‌ನಲ್ಲಿ ಮೂಲ ಅಂತ್ಯದೊಂದಿಗೇ ನಾಟಕ ರಂಗಕ್ಕೆ ಬಂತು. ‘ಇಬ್ಸೆನ್ ಬರೆದಿದ್ದಾನೆ’ ಅನ್ನುವುದಕ್ಕೂ ‘ಇಬ್ಸೆನ್ ಒಪ್ಪಿದ್ದಾನೆ’ ಅನ್ನುವುದಕ್ಕೂ ಇರುವ ದೂರ ಇಷ್ಟು.

ಈ ನಾಟಕದ ಸುತ್ತ ಇನ್ನೊಂದೆರಡು ಮಾತು ತಾಲೀಮು ಮನೆಗಳಲ್ಲಿ ಓಡಾಡುತ್ತವೆ. ನೋರಾ ನಿಜವಾಗಿ ಇದ್ದ ಹೆಂಗಸು, ಅವಳು ಮನೆ ಬಿಟ್ಟಳು ಅನ್ನುವುದು ಒಂದು. ಇದ್ದದ್ದು ಲಾರಾ ಕೀಲರ್ ಎಂಬ ಲೇಖಕಿ. ಇಬ್ಸೆನ್ ದಂಪತಿಗೆ ಪರಿಚಿತೆ. ಕ್ಷಯ ಹಿಡಿದ ಗಂಡನನ್ನು ಬೆಚ್ಚಗಿನ ದೇಶಕ್ಕೆ ಕರೆದೊಯ್ಯಲು ಗುಟ್ಟಾಗಿ ಸಾಲ ಮಾಡಿದವಳು ಆಕೆಯೇ. ಆದರೆ ಆಕೆ ಮನೆ ಬಿಡಲಿಲ್ಲ. ವಿಷಯ ಗೊತ್ತಾದಾಗ ಗಂಡನೇ ಆಕೆಯನ್ನು ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದ, ಮಕ್ಕಳಿಂದ ದೂರ ಮಾಡಿದ. ಮುಂದೆ ಆಕೆ ಅದೇ ಮನೆಗೆ ಮರಳಿದಳು. ಜನ ತನ್ನನ್ನು ನೋರಾ ಎಂದು ಗುರುತಿಸುವುದು ಆಕೆಗೆ ಕೊನೆವರೆಗೂ ಹಿಂಸೆಯಾಗಿತ್ತು. ಅಂದರೆ ‘ಮಕ್ಕಳಿಗಾಗಿ ಉಳಿದಳು’ ಎನ್ನುವ ಕಥೆ ಇಬ್ಸೆನ್‌ನ ಕಣ್ಣೆದುರೇ ನಡೆದಿತ್ತು. ಆತ ಅದನ್ನು ಬಿಟ್ಟು ಇನ್ನೊಂದನ್ನು ಬರೆದ.

ಎರಡನೆಯದು, ಇದು ಸ್ತ್ರೀವಾದಿ ನಾಟಕ ಹೌದೋ ಅಲ್ಲವೋ ಅನ್ನುವ ಜಗಳ. ಅಲ್ಲ ಅನ್ನುವವರು 1898ರ ಭಾಷಣ ತೆಗೆಯುತ್ತಾರೆ. ನಾರ್ವೆಯ ಮಹಿಳಾ ಹಕ್ಕುಗಳ ಸಂಘದ ಸನ್ಮಾನದಲ್ಲಿ ಇಬ್ಸೆನ್, ನಾನು ಉದ್ದೇಶವಿಟ್ಟು ಮಹಿಳಾ ಚಳವಳಿಗೆ ಕೆಲಸ ಮಾಡಿದವನಲ್ಲ, ನನಗೆ ಅದು ಮನುಷ್ಯರ ಪ್ರಶ್ನೆ ಎಂದಿದ್ದ. ಸರಿ. ಆದರೆ ನಾಟಕ ಬರೆಯುವ ಮುನ್ನ, 1878ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ಕೂತು ಅವನೇ ಮಾಡಿಕೊಂಡ ಟಿಪ್ಪಣಿ ಇದೆ: ಈ ಸಮಾಜದಲ್ಲಿ ಹೆಂಗಸು ತಾನು ತಾನಾಗಿ ಇರಲಾರಳು, ಕಾನೂನು ಗಂಡಸರದು, ಹೆಣ್ಣಿನ ನಡತೆಯನ್ನು ಅಳೆಯುವ ನ್ಯಾಯಾಧೀಶರೂ ಗಂಡಿನ ಕಣ್ಣಿನಿಂದಲೇ ನೋಡುವವರು ಎಂದು. ನನ್ನನ್ನು ಕೇಳಿದರೆ, ಭಾಷಣದ ದಿನ ಎಪ್ಪತ್ತು ದಾಟಿದ ಮನುಷ್ಯ ಸನ್ಮಾನದ ಬಿಗುಮಾನದಲ್ಲಿ ಹೇಳಿದ್ದಕ್ಕಿಂತ, ಬರೆಯುವ ಮೇಜಿನ ಮುಂದೆ ತನಗೆ ತಾನೇ ಹೇಳಿಕೊಂಡದ್ದಕ್ಕೆ ತೂಕ ಜಾಸ್ತಿ.

ಕಾನೂನಿನ ಮಾತು ಬರೀ ಹಿನ್ನೆಲೆ ಅಲ್ಲ, ಕಥೆ ಓಡುವುದೇ ಅದರ ಮೇಲೆ. ಆಗ ನಾರ್ವೆಯಲ್ಲಿ ಮದುವೆಯಾದ ಹೆಣ್ಣು ಕಾನೂನಿನ ಕಣ್ಣಲ್ಲಿ ಅಪ್ರಾಪ್ತಳು. ಗಂಡನ ಒಪ್ಪಿಗೆ ಇಲ್ಲದೆ ಸಾಲ ಪಡೆಯುವಂತಿಲ್ಲ. ಅದು ಬದಲಾದದ್ದು 1888ರಲ್ಲಿ, ನಾಟಕ ಬಂದ ಒಂಬತ್ತು ವರ್ಷದ ಮೇಲೆ. ನೋರಾಳ ಸಾಲ 4,800 ಕ್ರೋನರ್. ಅಪ್ಪ ತೀರಿಕೊಂಡದ್ದು ಸೆಪ್ಟೆಂಬರ್ 29, ಪತ್ರದ ಮೇಲೆ ‘ಅಪ್ಪನ’ ಸಹಿಯ ತಾರೀಕು ಅಕ್ಟೋಬರ್ 2. ಸಿಕ್ಕಿಬಿದ್ದದ್ದು ಈ ಮೂರು ದಿನದ ಲೆಕ್ಕದಲ್ಲಿ. ದಿನವೂ ಸಹಿ ಹೋಲಿಸಿ ನೋಡುವ ಕೆಲಸ ನಿಮ್ಮದು, ಈ ದೃಶ್ಯದ ಬೆವರು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಈಗ ಮುಖ್ಯ ಮಾತು. ಮೂರನೇ ಅಂಕದಲ್ಲಿ ಇದ್ದಕ್ಕಿದ್ದಂತೆ ಬದಲಾಗುತ್ತಾಳೆ ಅನ್ನಿಸುತ್ತದಲ್ಲ, ಅದು ಎಲ್ಲ ನೋರಾಗಳ ದೂರು. ನಾನು ಈ ನಾಟಕವನ್ನು ಎರಡು ಸಲ ಆಡಿಸಿದ್ದೇನೆ. ಮೊದಲ ಸಲ ನನಗೂ ಹಾಗೇ ಅನ್ನಿಸಿತ್ತು. ಕೊನೆಯ ಭಾಷಣವನ್ನು ಸಮರ್ಥಿಸಲೆಂದು ಹೆಲ್ಮರ್‌ನನ್ನು ಖಳನಾಯಕ ಮಾಡಿ ಇಡೀ ನಾಟಕವನ್ನೇ ಕೆಡಿಸಿದೆ. ಎರಡನೇ ಸಲ ಪುಸ್ತಕ ಹಿಡಿದು ನಿಧಾನ ಓದಿದಾಗ ಕಂಡದ್ದು: ನೋರಾ ಮಕ್ಕಳನ್ನು ಬಿಡಲು ಶುರು ಮಾಡುವುದು ಕೊನೆಯ ರಾತ್ರಿ ಅಲ್ಲ. ಮೊದಲ ಅಂಕದ ಕೊನೆಯಲ್ಲಿ, ಕ್ರಿಸ್ಮಸ್ ಹಿಂದಿನ ಸಂಜೆ.

ಆ ಜಾಗ ತೆಗೆದು ನೋಡಿ. ಕ್ರೋಗ್‌ಸ್ಟಾಡ್ ಹಿಂದೊಮ್ಮೆ ಮಾಡಿದ್ದ ಖೋಟಾ ಸಹಿಯ ಮಾತು ಬಂದಾಗ ಹೆಲ್ಮರ್ ಹೇಳುತ್ತಾನೆ: ಸುಳ್ಳು ತುಂಬಿದ ಮನೆಯ ಗಾಳಿಯೇ ವಿಷ, ಮಕ್ಕಳು ಉಸಿರಾಡುವುದು ಅದನ್ನೇ, ಚಿಕ್ಕ ವಯಸ್ಸಿಗೇ ಕೆಟ್ಟವರ ತಾಯಂದಿರು ಬಹುಪಾಲು ಸುಳ್ಳುಗಾರ್ತಿಯರು. ಹೆಂಡತಿಯೂ ಸಹಿ ಹಾಕಿದ್ದಾಳೆ ಅನ್ನುವುದು ಅವನಿಗೆ ಗೊತ್ತಿಲ್ಲ, ಲೋಕಾಭಿರಾಮವಾಗಿ ಆಡಿದ ಮಾತು. ಹೇಳಿ ಒಳಗೆ ಹೋಗುತ್ತಾನೆ. ದಾದಿ ಬಂದು, ಮಕ್ಕಳು ಅಮ್ಮನ ಹತ್ತಿರ ಬರಬೇಕು ಅಂತ ಹಟ ಮಾಡುತ್ತಿವೆ ಅನ್ನುತ್ತಾಳೆ. ಬೇಡ, ಒಳಗೆ ಬಿಡಬೇಡ ಅನ್ನುತ್ತಾಳೆ ನೋರಾ. ಸ್ವಲ್ಪ ಹೊತ್ತಿಗೆ ಮುಂಚೆ ಮೇಜಿನ ಕೆಳಗೆ ತೂರಿ ಅದೇ ಮಕ್ಕಳ ಜೊತೆ ಕಣ್ಣಾಮುಚ್ಚಾಲೆ ಆಡಿದವಳು. ಎರಡನೇ ಅಂಕದಲ್ಲಿ, ಇನ್ನು ಮುಂದೆ ಮೊದಲಿನಷ್ಟು ಅವರ ಜೊತೆ ಇರಲಾರೆ ಎಂದು ದಾದಿಗೆ ಹೇಳುತ್ತಾಳೆ. ಮೂರನೆಯದರಲ್ಲಿ ಹೆಲ್ಮರ್ ತಾನೇ ತೀರ್ಪು ಕೊಡುತ್ತಾನೆ: ಮಕ್ಕಳನ್ನು ಬೆಳೆಸುವ ಕೆಲಸ ನಿನ್ನ ಕೈಗೆ ಕೊಡಲಾರೆ, ಆದರೆ ಲೋಕದ ಕಣ್ಣಿಗೆ ಇದೇ ಮನೆಯಲ್ಲಿ ಇರು. ಹಾಗಿರುವಾಗ ಕೊನೆಯಲ್ಲಿ ‘ನಿನ್ನ ಮೊದಲ ಕರ್ತವ್ಯ ಗಂಡ ಮಕ್ಕಳು’ ಅನ್ನುವಾತ ಯಾವ ಬಾಯಲ್ಲಿ ಅನ್ನುತ್ತಾನೆ? ಮಕ್ಕಳನ್ನು ಅವಳ ಕೈಯಿಂದ ತೆಗೆದದ್ದು ಅವನು. ಅವಳು ಆ ತೀರ್ಪನ್ನು ಅವನಿಗಿಂತ ಗಂಭೀರವಾಗಿ ತೆಗೆದುಕೊಂಡಳು, ಅಷ್ಟೆ.

ದಾದಿ ಆನ್ ಮೇರಿಯ ಪಾತ್ರವನ್ನು ಹವ್ಯಾಸಿ ತಂಡಗಳು ಸಮಯ ಉಳಿಸಲು ಕತ್ತರಿಸುತ್ತವೆ. ದಯವಿಟ್ಟು ಕತ್ತರಿಸಬೇಡಿ. ತಾಯಿಯಿಲ್ಲದ ಪುಟ್ಟ ನೋರಾಗೆ ಹಾಲೂಡಿಸುವ ಕೆಲಸಕ್ಕೆ ಬರಲು ಇವಳು ಸ್ವಂತ ಮಗಳನ್ನು ಬೇರೆಯವರಿಗೆ ಒಪ್ಪಿಸಿ ಬಂದವಳು. ಹೇಗೆ ಮನಸ್ಸು ಬಂತು ನಿನಗೆ ಅಂತ ನೋರಾ ಕೇಳುತ್ತಾಳೆ. ಪುಟ್ಟ ನೋರಾಗೆ ದಾದಿ ಆಗಬೇಕಿತ್ತಲ್ಲ, ಬಿಡಲೇಬೇಕಾಯಿತು ಅನ್ನುತ್ತಾಳೆ ಮುದುಕಿ. ಮಗಳು ನಿನ್ನನ್ನು ಮರೆತೇ ಬಿಟ್ಟಿರಬೇಕು ಅಂದರೆ, ಇಲ್ಲ, ಎರಡು ಸಲ ಕಾಗದ ಬರೆದಿದ್ದಾಳೆ, ಚರ್ಚಿನಲ್ಲಿ ದೀಕ್ಷೆ ಆದಾಗ ಒಂದು, ಮದುವೆ ಆದಾಗ ಒಂದು. ಒಂದು ಇಡೀ ಜನ್ಮಕ್ಕೆ ಎರಡು ಕಾಗದ. ಹೊಟ್ಟೆಪಾಡಿಗೆ ಮಗುವನ್ನು ಬಿಟ್ಟ ಇವಳ ಮೇಲೆ ಯಾವ ಸಭೆಯೂ ಸಿಟ್ಟಾದದ್ದನ್ನು ನಾನು ನೋಡಿಲ್ಲ. ಬಡವಿ ಬಿಟ್ಟರೆ ಕಷ್ಟ ಅನ್ನುತ್ತೇವೆ, ಹೆಲ್ಮರ್‌ನಂಥ ಬ್ಯಾಂಕ್ ಮ್ಯಾನೇಜರ್ ಹೆಂಡತಿ ಬಿಟ್ಟರೆ ಸೊಕ್ಕು ಅನ್ನುತ್ತೇವೆ. ನಿಮ್ಮ ಹಿರಿಯರಿಗೆ ಈ ದೃಶ್ಯ ಒಂದು ಸಲ ಓದಿ ಹೇಳಿ, ವಾದ ಬೇಡ.

ನಿಮಗೆ ಬೇಕಾದ ಕೊಂಡಿ ಇದೇ ಅಂದುಕೊಂಡಿದ್ದೇನೆ. ‘ಮಕ್ಕಳ ಮುಖ ನೋಡದೆ ಹೊರಡುವುದು’ ಕಲ್ಲು ಮನಸ್ಸಿನ ಮಾತು ಅಂತ ತಿಳಿದು ಆಡಿದರೆ ಗಂಟಲು ಕಟ್ಟುತ್ತದೆ. ನೋಡಿದರೆ ಹೋಗಲಾರೆ ಎಂದು ಗೊತ್ತಿರುವವಳು ನೋಡುವುದಿಲ್ಲ. ಬಾಲವಾಡಿಗೆ ಮೊದಲ ದಿನ ಮಗಳನ್ನು ಬಿಟ್ಟು ತಿರುಗಿ ನೋಡದೆ ಗೇಟು ದಾಟಿದ್ದು ನೆನಪಿರಬೇಕು ನಿಮಗೆ. ಅಳತೆ ಬೇರೆ, ಆದರೆ ಕತ್ತು ಬಿಗಿಯುವ ರೀತಿ ಅದೇ.

ಬದಲಾವಣೆಯ ಇನ್ನೂ ಎರಡು ಮೆಟ್ಟಿಲು ಹೇಳಿಬಿಡುತ್ತೇನೆ. ಮೊದಲ ಅಂಕದಲ್ಲಿ ಗೆಳತಿ ಕ್ರಿಸ್ಟೀನ್‌ಗೆ ನೋರಾ ಗುಟ್ಟು ಬಿಚ್ಚುತ್ತಾಳೆ. ಹಿಂದಿನ ಚಳಿಗಾಲ ನಕಲು ತೆಗೆಯುವ ಕೆಲಸ ಸಿಕ್ಕಿತ್ತು, ದಿನಾ ರಾತ್ರಿ ಕೋಣೆ ಬಾಗಿಲು ಹಾಕಿಕೊಂಡು ಹೊತ್ತು ಮೀರುವವರೆಗೆ ಬರೆಯುತ್ತಿದ್ದೆ, ಸುಸ್ತಾಗುತ್ತಿತ್ತು, ಆದರೂ ಕೂತು ದುಡಿಯುವುದರಲ್ಲಿ ಎಂಥದೋ ಖುಷಿ, ಹೆಚ್ಚುಕಡಿಮೆ ಗಂಡಸಾದ ಹಾಗೆ ಅನ್ನಿಸುತ್ತಿತ್ತು ಅನ್ನುತ್ತಾಳೆ. ಮೂರನೇ ಅಂಕದ ‘ಲಾಯರ್’ ಹುಟ್ಟಿದ್ದು ಆ ಮುಚ್ಚಿದ ಕೋಣೆಯಲ್ಲಿ. ಅಷ್ಟು ವರ್ಷ ಬಡ್ಡಿ, ಕಂತು, ಮನೆಖರ್ಚಿನಲ್ಲಿ ಉಳಿಸಿದ್ದು, ಎಲ್ಲ ಲೆಕ್ಕ ತಲೆಯಲ್ಲೇ ಇಟ್ಟವಳು ಪೆದ್ದಿಯಲ್ಲ. ಗಂಡನ ಕಣ್ಣು ತಪ್ಪಿಸಿ ಮ್ಯಾಕರೂನ್ ಎಂಬ ಸಿಹಿತಿಂಡಿ ಬಾಯಿಗೆ ಹಾಕಿಕೊಳ್ಳುವ ಮೊದಲ ದೃಶ್ಯವನ್ನು ಬರೀ ತಮಾಷೆಯಾಗಿ ಆಡಬೇಡಿ. ತುಟಿ ಒರೆಸಿಕೊಳ್ಳುವ ಕೈ ಎಷ್ಟು ಪಳಗಿದೆ ಅನ್ನುವುದು ಸಭೆಗೆ ಕಾಣಬೇಕು. ಎರಡನೇ ಅಂಕದ ಕೊನೆಯಲ್ಲಿ, ಸಾಯುವ ಯೋಚನೆ ಹೊತ್ತು, ತರಂತೆಲ್ಲಾ ಎಂಬ ಇಟಲಿಯ ಬಿರುಸಿನ ಕುಣಿತ ಕುಣಿದು ನಿಂತಾಗಲೂ ಅವಳು ಲೆಕ್ಕವನ್ನೇ ಹಾಕುತ್ತಾಳೆ: ಈಗ ಐದು ಗಂಟೆ, ನಡುರಾತ್ರಿಗೆ ಏಳು, ಆಮೇಲೆ ಇಪ್ಪತ್ತನಾಲ್ಕು, ಬದುಕಲು ಇನ್ನು 31 ಗಂಟೆ.

ಇನ್ನೊಂದು ಮೆಟ್ಟಿಲು ನೀವು ರಂಗದ ಮೇಲೆ ಇಲ್ಲದಾಗಿನದು. ಸಾಲದ ಪತ್ರ ವಾಪಸ್ ಬಂದು ಕೈಸೇರಿದಾಗ ಹೆಲ್ಮರ್ ಕೂಗುತ್ತಾನೆ: ನಾನು ಉಳಿದೆ, ನೋರಾ, ನಾನು ಉಳಿದೆ! ‘ನಾನು?’ ಅನ್ನುತ್ತಾಳೆ ಅವಳು. ನೀನೂ ಮತ್ತೆ, ಅನ್ನುತ್ತಾನೆ. ಆಮೇಲೆ ಅವಳು ವೇಷ ಕಳಚಲು ಒಳಗೆ ಹೋಗುತ್ತಾಳೆ, ಅವನು ತೆರೆದ ಬಾಗಿಲ ಬಳಿ ನಿಂತು ಉದ್ದಕ್ಕೆ ಮಾತಾಡುತ್ತಾನೆ. ಹೆಂಡತಿಯನ್ನು ಮನಸಾರೆ ಕ್ಷಮಿಸುವುದರಲ್ಲಿ ಗಂಡಸಿಗೆ ಹೇಳಲಾಗದ ತೃಪ್ತಿ ಇದೆ, ಆಗ ಅವಳು ಹೆಂಡತಿಯೂ ಹೌದು ಮಗುವೂ ಹೌದು, ಎಂದೆಲ್ಲ. ನಮ್ಮ ತಂಡಗಳಲ್ಲಿ ಆ ಹೊತ್ತು ನೋರಾ ಪಾತ್ರದವರು ವಿಂಗಿನ ಹಿಂದೆ ಸೆಫ್ಟಿ ಪಿನ್ನು, ಹುಕ್ಕು ಅಂತ ಒದ್ದಾಡುತ್ತಿರುತ್ತಾರೆ, ಹೆಲ್ಮರ್‌ನ ಒಂದು ಮಾತೂ ಕಿವಿಗೆ ಬಿದ್ದಿರುವುದಿಲ್ಲ. ಇಡೀ ನಾಟಕದಲ್ಲಿ ನೀವು ಕಿವಿಗೊಟ್ಟು ಕೇಳಬೇಕಾದ ಮಾತು ಅದು. ಬೈದದ್ದಕ್ಕಲ್ಲ ಅವಳು ಹೋಗುವುದು. ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತು ಅವನು ಮುಂದೆ ಬರುತ್ತಾನೆ ಎಂದು ಕಾದಿದ್ದಳು, ಅದೇ ಅವಳ ‘ಪವಾಡ’. ಅದು ನಡೆಯಲಿಲ್ಲ, ಬದಲಿಗೆ ಕ್ಷಮೆ ಬಂತು. ಬಟ್ಟೆ ಬದಲಾಯಿಸುವುದಕ್ಕೆ ಇಬ್ಬರು ಸಹಾಯಕರನ್ನು ಇಟ್ಟುಕೊಂಡು ನೀವು ಸುಮ್ಮನೆ ನಿಂತು ಅವನ ಮಾತು ಕೇಳಿ. ‘ಎಂಟು ವರ್ಷ ಆಯಿತು ಮದುವೆಯಾಗಿ, ನಾವಿಬ್ಬರು ಕೂತು ಗಂಭೀರವಾಗಿ ಮಾತಾಡುತ್ತಿರುವುದು ಇದೇ ಮೊದಲು’ ಎನ್ನುವ ಮಾತಿಗೆ ದನಿ ತಾನಾಗಿ ಇಳಿಯುತ್ತದೆ. ಲಾಯರ್ ಕಾಣುವುದಿಲ್ಲ, ದಣಿದ ಹೆಂಗಸು ಕಾಣುತ್ತಾಳೆ.

ಹೆಲ್ಮರ್ ಪಾತ್ರದವರಿಗೂ ಒಂದು ಮಾತು ದಾಟಿಸಿ. ಇವನು ಕುಡುಕನಲ್ಲ, ಹೊಡೆಯುವವನಲ್ಲ, ಸಾಲ ಕಂಡರೆ ಹೆದರುವ, ಮೈಮುರಿದು ದುಡಿದ, ಊರೇ ಮೆಚ್ಚುವ ಅಳಿಯ. ಸಭೆಯಲ್ಲಿ ಕೂತ ಗಂಡಸರಿಗೆ ಅರ್ಧ ನಾಟಕದವರೆಗೆ ಅವನು ಇಷ್ಟವಾಗಬೇಕು. ಮೂಲದ ‘ಬಾನಕ್ಕಿ’, ‘ಅಳಿಲು’ ಇವು ಕನ್ನಡದಲ್ಲಿ ಶಾಲಾ ನಾಟಕದಂತೆ ಕೇಳುತ್ತವೆ. ನಿಮ್ಮ ಕಡೆ ಗಂಡಸರು ನಿಜವಾಗಿ ಮುದ್ದಿಗೆ ಕರೆಯುವ ಒಂದೆರಡು ಹೆಸರು ಹುಡುಕಿಕೊಳ್ಳಿ. ಹಾಗೇ, ಮಗಳ ಹೆಸರನ್ನು ‘ಎಮ್ಮಿ’ ಅಂದರೆ ಸಭೆ ನಗುತ್ತದೆ. ‘ಎಮಿ’ ಅನ್ನಿ.

ಅಂತ್ಯದ ಬಗ್ಗೆ ನಿಮ್ಮ ಮುಂದಿರುವ ದಾರಿಗಳು. ಮೂಲದಂತೆ ಆಡುವುದು ನನ್ನ ಆಯ್ಕೆ. ಅಪಾಯ ಇದ್ದೇ ಇದೆ. ಕೆಲವರು ಮುಖ ತಿರುಗಿಸುತ್ತಾರೆ, ಕೆಲವರು ಚಪ್ಪಾಳೆ ತಟ್ಟಿ ಅದನ್ನು ಘೋಷಣೆ ಮಾಡಿಬಿಡುತ್ತಾರೆ. ಎರಡನೆಯದು ಹೆಚ್ಚು ಕೆಡುಕು. ಜರ್ಮನ್ ಅಂತ್ಯವನ್ನೇ ಆಡುವುದಾದರೆ ಅದು ಬದಲಿ ಅಂತ್ಯ ಎಂದು ಕರಪತ್ರದಲ್ಲಿ ಹೇಳಿ ಆಡಿ. ಆದರೆ ಅದು ಹಿರಿಯರು ಬಯಸುವ ಸುಖಾಂತ್ಯ ಅಲ್ಲ ಎಂಬುದನ್ನು ಮೊದಲೇ ತಿಳಿಸಿ. ‘ನನಗೆ ನಾನೇ ಮಾಡಿಕೊಳ್ಳುವ ದ್ರೋಹ’ ಎಂದು ಹೇಳಿ ಕುಸಿದ ಹೆಂಗಸಿನ ಮೇಲೆ ಪರದೆ ಬೀಳುವುದು ಮೂಲಕ್ಕಿಂತ ಕ್ರೂರ. ಬ್ಯಾಗ್ ಹಿಡಿದು ನಿಂತ ಕಡೆಯೇ ಕತ್ತಲು ಮಾಡಿ ‘ಪ್ರೇಕ್ಷಕರೇ ತೀರ್ಮಾನಿಸಲಿ’ ಅನ್ನುವುದು ಮೂರನೆಯದು. ಸುಲಭ, ಹಾಗಾಗಿಯೇ ನನಗೆ ಸೇರದು. ಇನ್ನು ಕಥೆಯನ್ನು ಇವತ್ತಿನ ಕರ್ನಾಟಕಕ್ಕೆ ತರುವ ಆಲೋಚನೆ ಯಾರಿಗಾದರೂ ಬಂದರೆ ನೀವೇ ತಡೆಯಬಹುದು. ನಿಮ್ಮ ಬ್ಯಾಂಕಿನಲ್ಲೇ ಸಂಬಳದ ಚೀಟಿ ತೋರಿಸಿ ಹೆಂಗಸರು ಸಾಲ ತೆಗೆಯುತ್ತಾರೆ, ಅಪ್ಪನ ಸಹಿಯ ಅಗತ್ಯವೇ ಬೀಳದೆ ಕಥೆ ಕುಂಟುತ್ತದೆ.

ಯಾವುದೇ ಬದಲಾವಣೆಗೆ ಮುಂಚೆ ಒಂದು ವ್ಯವಹಾರದ ವಿಷಯ. ಇಬ್ಸೆನ್ ತೀರಿಕೊಂಡದ್ದು 1906ರಲ್ಲಿ, ಮೂಲಕ್ಕೆ ಯಾರ ಅಪ್ಪಣೆಯೂ ಬೇಡ. ಕನ್ನಡ ಅನುವಾದದ ಹಕ್ಕು ಮಾತ್ರ ಅನುವಾದಕರು ತೀರಿಕೊಂಡ ಮೇಲೂ 60 ವರ್ಷ ಅವರ ಮನೆಯವರದ್ದು. ಅವರ ಪಠ್ಯಕ್ಕೆ ಬೇರೆ ಕೊನೆ ಅಂಟಿಸುವ ಮೊದಲು ಕೇಳಿ, ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಅತ್ತೆಯವರ ಬಗ್ಗೆ. ನಮ್ಮ ಎರಡನೇ ಪ್ರದರ್ಶನ ಮುಗಿದ ಮೇಲೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಗ್ರೀನ್ ರೂಮಿಗೆ ಬಂದು ನಮ್ಮ ನೋರಾಳ ಕೈ ಹಿಡಿದು ಕೇಳಿದ್ದು ಒಂದೇ: ‘ಕೈಯಾಗ ರೊಕ್ಕ ಇತ್ತೇನವ್ವಾ?’ ನೈತಿಕತೆಯ ಚರ್ಚೆ ಎಲ್ಲ ಹೊರಗೆ ಗಂಡಸರು ಮಾಡುತ್ತಿದ್ದರು. 1923ರ ಡಿಸೆಂಬರ್‌ನಲ್ಲಿ ಚೀನಾದ ಲೇಖಕ ಲು ಷುನ್ ಬೀಜಿಂಗ್‌ನ ಮಹಿಳಾ ಕಾಲೇಜಿನಲ್ಲಿ, ನೋರಾ ಮನೆ ಬಿಟ್ಟ ಮೇಲೆ ಏನಾಯಿತು ಎಂದೇ ಒಂದು ಉಪನ್ಯಾಸ ಕೊಟ್ಟ. ಎಚ್ಚೆತ್ತ ಮನಸ್ಸಿನ ಜೊತೆ ಕೈಚೀಲದಲ್ಲಿ ಹಣವೂ ಇರಬೇಕು, ಇಲ್ಲದಿದ್ದರೆ ಹಾಳಾಗಬೇಕು ಇಲ್ಲವೇ ಮರಳಬೇಕು ಎಂದ. ಅಜ್ಜಿ ಲು ಷುನ್ ಓದಿದವರಲ್ಲ. ನಾಟಕದ ನೋರಾಳ ಕೈಯಲ್ಲಿ ಹಣವಿಲ್ಲ. ಆ ರಾತ್ರಿ ಕ್ರಿಸ್ಟೀನ್ ಮನೆಗೆ, ಮರುದಿನ ಹುಟ್ಟಿದೂರಿಗೆ, ಅಲ್ಲಿ ಕೆಲಸ ಹುಡುಕಬೇಕು. ಸಹಾಯ ಕಳಿಸಲೇ ಎಂದ ಗಂಡನಿಗೆ, ಪರಕೀಯರಿಂದ ತೆಗೆದುಕೊಳ್ಳುವುದಿಲ್ಲ ಅನ್ನುತ್ತಾಳೆ. ಅತ್ತೆಯವರನ್ನು ಪ್ರದರ್ಶನಕ್ಕೆ ಮೊದಲು ಒಂದು ದಿನ ತಾಲೀಮಿಗೆ ಕರೆದುಕೊಂಡು ಹೋಗಿ, ದಾದಿಯ ದೃಶ್ಯ ಇರುವ ದಿನ. ಒಪ್ಪಿಸುವುದಕ್ಕಲ್ಲ, ಅವರು ಏನು ಕೇಳುತ್ತಾರೆ ನೋಡುವುದಕ್ಕೆ.

ಕೊನೆಗೆ ಸದ್ದಿನ ವಿಷಯ. ‘ನೋರಾ ಧಡಾರನೆ ಬಾಗಿಲು ಹಾಕಿ ಹೋದಳು’ ಅಂತ ಎಲ್ಲರೂ ಹೇಳುತ್ತಾರೆ, ರಂಗದ ಮೇಲಿನ ಬಾಗಿಲನ್ನೇ ಬಡಿಯುತ್ತಾರೆ. ಇಬ್ಸೆನ್ ಬರೆದಿರುವುದು ಹಾಗಲ್ಲ. ಅವಳು ಹಜಾರ ದಾಟಿ ಹೋಗುತ್ತಾಳೆ. ಹೆಲ್ಮರ್ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಳ್ಳುತ್ತಾನೆ, ಏಳುತ್ತಾನೆ, ಖಾಲಿ ಎನ್ನುತ್ತಾನೆ, ಅವಳಾಡಿದ ‘ಪವಾಡ’ದ ಮಾತು ನೆನಪಾಗಿ ಮುಖದಲ್ಲಿ ಆಸೆ ಮೂಡುತ್ತದೆ. ಆಗ ಕೆಳಗಿನಿಂದ, ಬೀದಿಬಾಗಿಲು ಅಗಳಿ ಬಿದ್ದ ಸದ್ದು ಕೇಳುತ್ತದೆ. ಮೆಟ್ಟಿಲಿಳಿಯುವಷ್ಟು ಹೊತ್ತು ನಡುವೆ ಇರಬೇಕು. ನಮ್ಮಲ್ಲಿ ರೆಕಾರ್ಡ್ ಸದ್ದು ಹಾಕಿ ನೋಡಿದೆವು, ಸರಿಬರಲಿಲ್ಲ. ರಂಗಮಂದಿರದ ಹಿಂದಿನ ಕಬ್ಬಿಣದ ಗೇಟಿಗೆ ಒಬ್ಬ ಹುಡುಗನನ್ನು ನಿಲ್ಲಿಸಿದೆವು. ವಿಂಗಿನಿಂದ ನಿಮ್ಮ ಹೆಜ್ಜೆಯಲ್ಲೇ ಗೇಟಿನವರೆಗೆ ನಡೆದು ಎಣಿಸಿಕೊಳ್ಳಿ. ನಮಗೆ ಇಪ್ಪತ್ತೆರಡು ಹೆಜ್ಜೆ ಆಗಿತ್ತು.